ಕರೆಂಟು ಹಿಂದಿರುಗುವ ದಾರಿ: ಹಳೆಯ ಮನೆಯ ವೈರಿಂಗ್ ಬದಲಿಸುವಾಗ ತಿಳಿದಿರಬೇಕಾದ್ದು

ಬೆಂಗಳೂರಿನ ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂನಂಥ ಬಡಾವಣೆಗಳಲ್ಲಿ ಐವತ್ತು, ಅರವತ್ತು ವರ್ಷ ಹಳೆಯ ಮನೆಗಳು ಇನ್ನೂ ಗಟ್ಟಿಮುಟ್ಟಾಗಿವೆ. ಮಾಲೀಕರು ಬದಲಾದಂತೆ ಅವಕ್ಕೆ ಹೊಸ ಬಣ್ಣ ಬರುತ್ತದೆ, ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಬರುತ್ತದೆ, ಕಪ್ಪು ಬೇಕಲೈಟ್ ಸ್ವಿಚ್ಚುಗಳ ಜಾಗದಲ್ಲಿ ಬಿಳಿಯ ಮಾಡ್ಯುಲರ್ ಸ್ವಿಚ್ಚುಗಳು ಕೂರುತ್ತವೆ. ಆ ಸ್ವಿಚ್ಚಿನ ಹಿಂದಿನ ತಂತಿ ಮಾತ್ರ ಗೃಹಪ್ರವೇಶದ ದಿನದ್ದೇ ಆಗಿರುತ್ತದೆ. ಸ್ವಿಚ್ಚು ಬದಲಾದರೆ ವೈರಿಂಗ್ ಬದಲಾಯಿತು ಎಂದು ನಂಬಿ ಕುಳಿತ ಮನೆಗಳ ಬಗ್ಗೆ ನನಗೆ ನಿಜವಾದ ಆತಂಕವಿದೆ.

ಮನೆಯ ವಿದ್ಯುತ್ ವ್ಯವಸ್ಥೆ ತಿಳಿಯಲು ಮೂರು ತಂತಿಗಳ ಕೆಲಸ ತಿಳಿದರೆ ಬಹುಪಾಲು ಮುಗಿದಂತೆ. ಫೇಸ್ ತಂತಿಗೂ ನೆಲಕ್ಕೂ ನಡುವೆ 230 ವೋಲ್ಟ್ ಇರುತ್ತದೆ. ಕರೆಂಟು ಮನೆಯೊಳಗೆ ಬರುವುದು ಅದರಿಂದ. ದೀಪ, ಫ್ಯಾನು, ಮಿಕ್ಸಿಯ ಮೂಲಕ ಹಾದ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಹಿಂದಿರುಗುತ್ತದೆ. ಮೂರನೆಯದು ಅರ್ಥ್ ತಂತಿ. ಎಲ್ಲವೂ ಸರಿಯಿದ್ದಾಗ ಅದರಲ್ಲಿ ಏನೂ ಹರಿಯುವುದಿಲ್ಲ. ಫ್ರಿಜ್ಜಿನ ಒಳಗೆ ಫೇಸ್ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಾಗಿತೆನ್ನಿ, ಆಗ ಕರೆಂಟು ನಮ್ಮ ದೇಹವನ್ನು ಹಿಡಿದು ನೆಲಕ್ಕಿಳಿಯುವ ಬದಲು ಸುಲಭದ ಇನ್ನೊಂದು ದಾರಿಯಲ್ಲಿ ಹೋಗಲಿ ಎಂದು ಅದನ್ನು ಎಳೆದಿರುತ್ತಾರೆ.

ಹಳೆಯ ಮನೆಗಳಿಗೆ ವೈರಿಂಗ್ ಮಾಡಿದವರು ಕರೆಂಟು ದೀಪದವರೆಗೆ ಹೇಗೆ ಬರಬೇಕು ಎಂಬುದನ್ನು ಚೆನ್ನಾಗಿಯೇ ಯೋಚಿಸಿದ್ದರು. ಅದು ಹೇಗೆ ಹಿಂದಿರುಗಬೇಕು, ದಾರಿ ತಪ್ಪಿದರೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅಷ್ಟು ಗಮನ ಕೊಟ್ಟಿರಲಿಲ್ಲ. ಹಳೆಯ ಮನೆಯ ವಿದ್ಯುತ್ ವ್ಯವಸ್ಥೆಯನ್ನು ಆಧುನಿಕಗೊಳಿಸುವುದೆಂದರೆ ಹೆಚ್ಚಿನಂಶ ಈ ಎರಡನೆಯ ಪ್ರಶ್ನೆಗೆ ಉತ್ತರ ಒದಗಿಸುವುದು.

ಗೋಡೆಯೊಳಗೆ ಏನಿದೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ಬಂತು. ಹಾಗಾಗಿ ಹಳೆಯ ಮೈಸೂರು ಪ್ರಾಂತ್ಯದ ಊರುಗಳಲ್ಲಿ ಒಂದೇ ಮನೆಯಲ್ಲಿ ಎರಡು ಮೂರು ತಲೆಮಾರಿನ ವೈರಿಂಗ್ ಒಟ್ಟೊಟ್ಟಿಗೆ ಸಿಗುವುದುಂಟು.

ತೀರ ಹಳೆಯದು ತೇಗದ ಮರದ ಕೇಸಿಂಗ್ ಪಟ್ಟಿಯದು. ಮರದಲ್ಲಿ ಎರಡು ತೋಡು ಕೊರೆದು, ರಬ್ಬರಿನ ಹೊದಿಕೆಯ ಮೇಲೆ ಹತ್ತಿಯ ನೇಯ್ಗೆಯಿರುವ ತಾಮ್ರದ ತಂತಿಯನ್ನು ಅದರೊಳಗೆ ಕೂರಿಸಿ, ಮೇಲೊಂದು ಮುಚ್ಚಳಪಟ್ಟಿ ಹೊಡೆಯುತ್ತಿದ್ದರು. ಅದರ ನಂತರ ಬಂದದ್ದು ಮರದ ರೀಪಿನ ಮೇಲೆ ತಗಡಿನ ಕ್ಲಿಪ್ಪು ಬಿಗಿದು ಓಡಿಸಿದ ರಬ್ಬರ್ ತಂತಿ. ಎರಡರಲ್ಲೂ ತಾಮ್ರ ಇವತ್ತಿಗೂ ಚೆನ್ನಾಗಿರುತ್ತದೆ, ರಬ್ಬರು ಇರುವುದಿಲ್ಲ. ದಶಕಗಳ ಬಿಸಿಗೆ ಅದು ಒಣಗಿ, ಬೆರಳಲ್ಲಿ ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಅಲುಗಾಡಿಸದೆ ಇದ್ದಷ್ಟು ದಿನ ದೀಪ ಉರಿಯುತ್ತಿರುತ್ತದೆ. ಹೊಸ ಫ್ಯಾನು ಹಾಕಲೆಂದು ಯಾರಾದರೂ ಚಾವಣಿಯ ಸೀಲಿಂಗ್ ರೋಸ್ (ತಂತಿ ಕೂಡಿಸುವ ದುಂಡು ಡಬ್ಬಿ) ಬಿಚ್ಚಿ ತಂತಿ ಎಳೆದರೆ ಆ ಕ್ಷಣವೇ ಬೆತ್ತಲೆ ತಾಮ್ರ ಹೊರಬರುತ್ತದೆ.

ಮೂರನೆಯ ತಲೆಮಾರು ಸುಮಾರು 1970, 80ರ ದಶಕಗಳ ಮನೆಗಳದು: ಪಿವಿಸಿ ಹೊದಿಕೆಯ ಅಲ್ಯೂಮಿನಿಯಂ ತಂತಿ. ನನ್ನ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದದ್ದು ಇದರಲ್ಲೇ. ಅಲ್ಯೂಮಿನಿಯಂ ತಾಮ್ರದ ಶೇ 61ರಷ್ಟು ಮಾತ್ರ ವಾಹಕತೆ ಉಳ್ಳದ್ದು. ಆದರೆ ತೊಂದರೆ ತಂತಿಯ ನಡುವೆ ಬರುವುದಕ್ಕಿಂತ ತುದಿಗಳಲ್ಲಿ ಬರುವುದೇ ಹೆಚ್ಚು. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಸ್ಕ್ರೂ ಒತ್ತಿದ ಕಡೆ ಕಾಲಕ್ರಮೇಣ ಚಪ್ಪಟೆಯಾಗಿ ಹಿಡಿತ ಸಡಿಲವಾಗುತ್ತದೆ. ಬಿಸಿಗೆ ತಾಮ್ರ, ಹಿತ್ತಾಳೆಗಳಿಗಿಂತ ಹೆಚ್ಚು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಪ್ರತಿ ಸಲವೂ ಹಿಡಿತ ಇನ್ನಷ್ಟು ಸಡಿಲ. ಸಾಲದ್ದಕ್ಕೆ ಗಾಳಿ ತಾಗಿದೊಡನೆ ಅದರ ಮೈಮೇಲೆ ಆಕ್ಸೈಡಿನ ಪದರ ಕಟ್ಟುತ್ತದೆ, ಅದು ಕರೆಂಟನ್ನು ತಡೆಯುತ್ತದೆ.

ಇಂಥ ಮನೆಯ ಗೀಸರ್ ಪಾಯಿಂಟಿನ ಸ್ವಿಚ್ ಬೋರ್ಡ್ ಬಿಚ್ಚಿದರೆ ಕಾಣುವುದು ಹೀಗೆ: ಹಿತ್ತಾಳೆಯ ಸ್ಕ್ರೂ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದರ ಪಕ್ಕದ ತಂತಿಯ ಕೆಂಪು ಹೊದಿಕೆ ಒಂದಿಂಚಿನಷ್ಟು ಕಪ್ಪಾಗಿ ಗುಳ್ಳೆ ಎದ್ದಿರುತ್ತದೆ, ಬೂದುಬಣ್ಣದ ಲೋಹದ ಮೇಲೆ ಬಿಳಿಯ ಪುಡಿ ಕುಳಿತಿರುತ್ತದೆ. ಸುಟ್ಟ ಮೀನಿನಂಥ ಒಂದು ವಾಸನೆ ಮುಖಕ್ಕೆ ಬಡಿಯುತ್ತದೆ. ಲೆಕ್ಕ ಹಾಕಿ ನೋಡಿ. ಆ ಸಡಿಲ ಸಂಪರ್ಕದಲ್ಲಿ ಅರ್ಧ ಓಮ್ ತಡೆ ಇದ್ದು 10 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ 50 ವಾಟ್. ಕಡಲೆಕಾಳಿನಷ್ಟು ಜಾಗದಲ್ಲಿ, ಮರದ ಡಬ್ಬಿಯೊಳಗೆ, ಯಾರ ಕಣ್ಣಿಗೂ ಬೀಳದೆ. ಇದನ್ನು ಯಾವ ಫ್ಯೂಸೂ ಕಂಡುಹಿಡಿಯುವುದಿಲ್ಲ, ಏಕೆಂದರೆ ಹರಿಯುತ್ತಿರುವ ಕರೆಂಟು ಮಾಮೂಲಿನಷ್ಟೇ.

ಹೊಸ ತಾಮ್ರದ ತಂತಿಯ ತುಂಡನ್ನು ಹಳೆಯ ಅಲ್ಯೂಮಿನಿಯಂಗೆ ತಿರುಚಿ ಟೇಪು ಸುತ್ತುವುದು ನಮ್ಮಲ್ಲಿ ತೀರ ಸಾಮಾನ್ಯ. ಎರಡು ಬೇರೆ ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗಿದ್ದರೆ ಅಲ್ಯೂಮಿನಿಯಂ ಬೇಗ ಕೊರೆದುಹೋಗುತ್ತದೆ. ಅಲ್ಯೂಮಿನಿಯಂ ಮನೆಗೆ ತೇಪೆ ಹಚ್ಚುವುದು ಬೇಡ. ಆ ಲೈನನ್ನು ಮೂಲದಿಂದ ತುದಿಯವರೆಗೆ ಬದಲಿಸುವುದೇ ಸರಿ.

ಆಗಿನ ಲೋಡು, ಈಗಿನ ಲೋಡು

1970ರ ಒಂದು ಮಧ್ಯಮ ವರ್ಗದ ಮನೆಯಲ್ಲಿ ಇದ್ದದ್ದು 60 ವಾಟಿನ ನಾಲ್ಕೈದು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ, ಭಾನುವಾರ ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ. ಎಲ್ಲ ಒಟ್ಟಿಗೆ ಹಾಕಿದರೂ ಐದಾರು ಆಂಪಿಯರ್. ಇದಕ್ಕೆ ತಕ್ಕಂತೆ ಆಗ ಹಾಕುತ್ತಿದ್ದದ್ದು 3/22, 1/18ರ ತಂತಿ. ಈ ಗೇಜ್ ಲೆಕ್ಕವನ್ನು ಹಿರಿಯ ಎಲೆಕ್ಟ್ರಿಷಿಯನ್ನರು ಇವತ್ತಿಗೂ ಬಾಯಲ್ಲಿ ಹೇಳುತ್ತಾರೆ. ಮೊದಲ ಸಂಖ್ಯೆ ಎಳೆಗಳದು, ಎರಡನೆಯದು ಪ್ರತಿ ಎಳೆಯ ಗೇಜಿನದು. 3/22 ಎಂದರೆ ಇಂದಿನ ಅಳತೆಯಲ್ಲಿ ಸುಮಾರು 1.2 ಚದರ ಮಿಲಿಮೀಟರ್; ಪವರ್ ಪಾಯಿಂಟಿಗೆ ಹಾಕುತ್ತಿದ್ದ 3/20 ಎಂದರೆ ಸುಮಾರು 2; 7/20 ಎಂದರೆ ಸುಮಾರು 4.6.

ಈಗ ಅದೇ ಮನೆಯಲ್ಲಿ 2000 ವಾಟಿನ ಗೀಸರ್, 2000 ವಾಟಿನ ಇಂಡಕ್ಷನ್ ಒಲೆ, ಒಂದೂವರೆ ಟನ್ನಿನ ಎಸಿ, ನೀರು ಕಾಯಿಸುವ ವಾಷಿಂಗ್ ಮಷಿನ್, ಸಂಪಿನಿಂದ ನೀರೆತ್ತುವ ಮೋಟಾರು ಇವೆ. ಬೆಳಗ್ಗೆ ಏಳು ಗಂಟೆಗೆ ಇವುಗಳಲ್ಲಿ ಮೂರು ಒಟ್ಟಿಗೆ ನಡೆದರೂ 20 ಆಂಪಿಯರ್ ದಾಟುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಂತೆ ಏರುತ್ತದೆ: ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಐದು ಆಂಪಿಯರಿಗೆಂದು ಎಳೆದ ತಂತಿಯಲ್ಲಿ ಹದಿನೈದು ಹರಿಸಿದರೆ ಆಗುವುದು ಇದೇ.

ಹೊಸ ವೈರಿಂಗಿನಲ್ಲಿ ಪಾಲಿಸುವ ಅಳತೆ ಸರಳ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್ ತಾಮ್ರ. 16 ಆಂಪಿಯರಿನ ಪವರ್ ಸಾಕೆಟ್‌ಗೆ 2.5, ಎಸಿಗೆ, ದೊಡ್ಡ ಗೀಸರ್‌ಗೆ, ಅಡುಗೆಮನೆಯ ಮುಖ್ಯ ಲೈನಿಗೆ 4. ಗೀಸರ್, ಎಸಿ, ಇಂಡಕ್ಷನ್ ಒಲೆ, ಮೋಟಾರು ಇವುಗಳಿಗೆ ಡಿಬಿಯಿಂದ, ಅಂದರೆ ಮನೆಯ ಲೈನುಗಳೆಲ್ಲ ಕವಲೊಡೆಯುವ ಪೆಟ್ಟಿಗೆಯಿಂದ, ಒಂದೊಂದು ಪ್ರತ್ಯೇಕ ಲೈನ್ ಇರಬೇಕು, ದಾರಿಯಲ್ಲಿ ಬೇರೆ ಪಾಯಿಂಟಿಗೆ ಕವಲು ತೆಗೆಯಬಾರದು. ತಂತಿಯ ಮೇಲೆ ಭಾರತೀಯ ಮಾನದಂಡದ ಸಂಖ್ಯೆಯಾದ ಐಎಸ್ 694 ಎಂದೂ ಐಎಸ್‌ಐ ಗುರುತೂ ಅಚ್ಚಾಗಿದೆಯೇ ನೋಡಿ ಕೊಳ್ಳಿ. ಬೆಂಕಿ ಹತ್ತಿದಾಗ ಹೊಗೆ ಕಡಿಮೆ ಬಿಡುವ ಎಫ್‌ಆರ್‌ಎಲ್‌ಎಸ್ ತಂತಿಗೆ ಸ್ವಲ್ಪವೇ ಹೆಚ್ಚು ಬೆಲೆ. ಮಲಗುವ ಕೋಣೆಗಳಿರುವ ಮನೆಯಲ್ಲಿ ಆ ಹೆಚ್ಚುವರಿ ಹಣ ದಂಡವಲ್ಲ.

ಫ್ಯೂಸಿನಿಂದ ಎಂಸಿಬಿಗೆ

ಮೀಟರಿನ ಪಕ್ಕದ ಮರದ ಹಲಗೆಯ ಮೇಲೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು, ಅದರ ಕೆಳಗೆ ಕಬ್ಬಿಣದ ಮೈನ್ ಸ್ವಿಚ್ಚು: ಹಳೆಯ ಮನೆಯ ಗುರುತೇ ಇದು. ಫ್ಯೂಸಿನ ತತ್ವದಲ್ಲಿ ದೋಷವಿಲ್ಲ. ತೆಳುವಾದ ತಂತಿ ಮೊದಲು ಕರಗಿ, ಗೋಡೆಯೊಳಗಿನ ತಂತಿಯನ್ನು ಕಾಪಾಡುತ್ತದೆ. 5 ಆಂಪಿಯರಿನ ಫ್ಯೂಸ್ ತಂತಿ 0.2 ಮಿಲಿಮೀಟರ್ ದಪ್ಪದ್ದು. ಅದು ಸುಟ್ಟುಹೋದ ರಾತ್ರಿ ಮನೆಯಲ್ಲಿ ಫ್ಯೂಸ್ ತಂತಿ ಇರುವುದಿಲ್ಲ. ಹಳೆಯ ವೈರಿನಿಂದ ಒಂದು ಎಳೆ ಕಿತ್ತು ಕಟ್ಟುತ್ತಾರೆ, ಅದೂ ಹೋದರೆ ಎರಡು ಎಳೆ ತಿರುಚಿ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಫ್ಯೂಸು ಸುಡುವುದಿಲ್ಲ, ಗೋಡೆಯೊಳಗಿನ ತಂತಿ ಸುಡುತ್ತದೆ. ಸರಿಯಾದ ಫ್ಯೂಸ್ ತಂತಿಯೇ ಇದ್ದರೂ ಅದು ಕರಗಲು ನಮೂದಿಸಿದ್ದರ ಸುಮಾರು ಎರಡು ಪಟ್ಟು ಕರೆಂಟು ಬೇಕು.

ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು. ಅದರಲ್ಲಿ ಎರಡು ಕಾವಲುಗಳಿವೆ. ನಿಧಾನವಾಗಿ ಏರುವ ಓವರ್‌ಲೋಡಿಗೆ ಬಿಸಿಯಾದಾಗ ಬಾಗುವ, ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ. ಷಾರ್ಟ್ ಸರ್ಕ್ಯೂಟಿಗೆ ವಿದ್ಯುತ್ಕಾಂತದ ಸುರುಳಿ. ನಮೂದಿಸಿದ್ದರ 1.45 ಪಟ್ಟು ಕರೆಂಟು ಹರಿದರೆ ಒಂದು ಗಂಟೆಯೊಳಗೆ ಅದು ಬೀಳಲೇಬೇಕು. ಷಾರ್ಟ್ ಆದಾಗ ಬಿ ಮಾದರಿ 3ರಿಂದ 5 ಪಟ್ಟಿಗೆ, ಸಿ ಮಾದರಿ 5ರಿಂದ 10 ಪಟ್ಟಿಗೆ ತಕ್ಷಣ ಬೀಳುತ್ತದೆ. ದೀಪ, ಗೀಸರಿಗೆ ಬಿ ಸಾಕು. ಶುರುವಾಗುವಾಗ ಹೆಚ್ಚು ಎಳೆಯುವ ಮೋಟಾರು, ಎಸಿಗೆ ಸಿ ಬೇಕು.

ಎಂಸಿಬಿ ಇರುವುದು ತಂತಿಯ ರಕ್ಷಣೆಗೆ. 1.5ರ ತಂತಿಗೆ 10 ಆಂಪಿಯರ್ ಮೀರಬಾರದು, 2.5ಕ್ಕೆ 16, 4ಕ್ಕೆ 20 ಅಥವಾ 25. ಎಸಿ ಹಾಕಿದಾಗಲೆಲ್ಲ ಬೀಳುತ್ತದೆ ಎಂದು 16 ತೆಗೆದು 32 ಹಾಕಿಸಿಕೊಂಡವರು ದುಡ್ಡು ಕೊಟ್ಟು ಬೆಂಕಿಯನ್ನು ಮನೆಗೆ ಕರೆದಂತೆ. ಅದು ಬೀಳುತ್ತಿದೆ ಎಂದರೆ ಬಹುಶಃ ತಂತಿ ಸಾಲದು ಎಂದರ್ಥ.

ನ್ಯೂಟ್ರಲ್ ಎಂಬ ಮರೆತುಹೋದ ಅರ್ಧ

ಹಳೆಯ ಬೋರ್ಡುಗಳಲ್ಲಿ ಫೇಸ್‌ಗೊಂದು, ನ್ಯೂಟ್ರಲ್‌ಗೊಂದು ಎಂದು ಎರಡು ಫ್ಯೂಸು ಹಾಕುತ್ತಿದ್ದರು. ಎರಡು ಕಡೆ ಕಾವಲಿದ್ದರೆ ಹೆಚ್ಚು ಭದ್ರ ಎಂದು ತೋರುತ್ತದೆ. ಆದರೆ ನ್ಯೂಟ್ರಲ್ ಫ್ಯೂಸು ಮೊದಲು ಹೋದರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ, ಮನೆಯವರು ಕರೆಂಟಿಲ್ಲ ಎಂದುಕೊಳ್ಳುತ್ತಾರೆ. ಫೇಸ್ ಮಾತ್ರ ಪ್ರತಿ ಹೋಲ್ಡರಿನವರೆಗೂ 230 ವೋಲ್ಟಿನಲ್ಲಿ ಕಾಯುತ್ತಿರುತ್ತದೆ. ಬಲ್ಬು ಬಿಚ್ಚಲು ಹೋದವರ ಕೈಯೇ ಹಿಂದಿರುಗುವ ದಾರಿಯಾಗುತ್ತದೆ. ಸ್ವಿಚ್ಚನ್ನು ಫೇಸ್‌ಗೆ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರೂ ಇದೇ ಅಪಾಯ. ಹಳೆಯ ಕ್ರಮದಂತೆ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಆದರೆ ಹಲವರ ಕೈಗೆ ಸಿಕ್ಕಿದ ಮನೆಯಲ್ಲಿ ಬಣ್ಣವನ್ನು ನಂಬಬಾರದು, ಟೆಸ್ಟರ್ ಹಿಡಿದು ನೋಡಿಯೇ ನಿರ್ಧರಿಸಬೇಕು.

ಇದಕ್ಕಿಂತ ದೊಡ್ಡ ಅನ್ಯಾಯ ಮೂರು ಪಿನ್ನಿನ ಸಾಕೆಟ್‌ನಲ್ಲಿ ನಡೆಯುತ್ತದೆ. ಹಳೆಯ ಮನೆಯ ಬಹುತೇಕ ಬೋರ್ಡುಗಳಿಗೆ ಬರುತ್ತಿದ್ದದ್ದು ಎರಡೇ ತಂತಿ. ಮುಂದೆ ಫ್ರಿಜ್ಜು ಬಂದಾಗ ಮೂರು ಪಿನ್ನಿನ ಸಾಕೆಟ್ ಕೂರಿಸಿದರು, ಮೇಲಿನ ದೊಡ್ಡ ತೂತಿಗೆ ಕೊಡಲು ತಂತಿ ಇಲ್ಲ. ಕೆಲವರು ಅದನ್ನು ಖಾಲಿ ಬಿಟ್ಟರು. ಇನ್ನು ಕೆಲವರು ಪಕ್ಕದ ನ್ಯೂಟ್ರಲ್‌ನಿಂದ ಒಂದು ಚಿಕ್ಕ ತುಂಡು ಎಳೆದು ಅರ್ಥ್ ಪಿನ್ನಿಗೆ ಕಟ್ಟಿದರು. ಎರಡನೆಯದು ಹೆಚ್ಚು ಅಪಾಯಕಾರಿ. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ, ಫೇಸ್‌ನಿಂದ ಹೊರಟ ಕರೆಂಟು ಫ್ರಿಜ್ಜಿನ ಮೋಟಾರು ಹಾದು, ನ್ಯೂಟ್ರಲ್ ಪಿನ್ನಿಗೆ ಬಂದು, ಆ ಚಿಕ್ಕ ತುಂಡಿನ ಮೂಲಕ ನೇರವಾಗಿ ಫ್ರಿಜ್ಜಿನ ಮೈಗೆ ಹತ್ತುತ್ತದೆ. ಉಪಕರಣದಲ್ಲಿ ಒಂದಿಷ್ಟೂ ದೋಷವಿಲ್ಲದಿದ್ದರೂ ಅದರ ಬಾಗಿಲ ಹಿಡಿ ಷಾಕ್ ಹೊಡೆಯುತ್ತದೆ.

ಅರ್ಥ್ ಇದ್ದ ಮನೆಗಳಲ್ಲೂ ಒಂದು ಗುಪ್ತ ಸಮಸ್ಯೆ ಇದೆ. ಎಷ್ಟೋ ಕಡೆ ಆಗ ಅರ್ಥ್ ತಂತಿಯನ್ನು ಮನೆಯ ಕಬ್ಬಿಣದ ನಲ್ಲಿ ಪೈಪಿಗೆ ಸುತ್ತಿಬಿಡುತ್ತಿದ್ದರು. ಪೈಪು ನೆಲದೊಳಗೆ ಹೋಗಿದ್ದರಿಂದ ಕೆಲಸ ನಡೆಯುತ್ತಿತ್ತು. ನಂತರ ಪ್ಲಂಬರ್ ಬಂದು ತುಕ್ಕು ಹಿಡಿದ ಪೈಪು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿದ. ನೀರು ಚೆನ್ನಾಗಿ ಬಂತು, ಮನೆಯ ಅರ್ಥ್ ಅಂದೇ ಹೋಯಿತು. ಇಬ್ಬರು ಕೆಲಸಗಾರರಲ್ಲಿ ಯಾರಿಗೂ ಅದು ತಿಳಿಯಲಿಲ್ಲ.

ಅರ್ಥ್ ಗುಂಡಿ ಒಂದೇ ಸಾಲದು

ಸಾಂಪ್ರದಾಯಿಕ ಅರ್ಥ್ ಗುಂಡಿ ಎಂದರೆ ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿತ ಕಬ್ಬಿಣದ) ಪೈಪನ್ನು ನೆಲದಲ್ಲಿ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಮೇಲೆ ನೀರು ಹಾಕಲು ಆಲಿಕೆ ಬಿಟ್ಟಿರುವುದು. ತೇವ ಇದ್ದಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ನೀರು ಹಾಕದಿದ್ದರೆ, ಕೆಳಗೆ ಬಂಡೆ ಇದ್ದರೆ, ಕರಾವಳಿಯ ಮುರಕಲ್ಲಿನ ಒಣ ನೆಲವಾದರೆ ಅದರ ತಡೆ ಏರುತ್ತದೆ. ಉಪ್ಪೇ ಪೈಪನ್ನು ತಿಂದುಹಾಕುವುದೂ ಉಂಟು. ಆದ್ದರಿಂದ ಈಗ ತಾಮ್ರ ಲೇಪಿತ ಸಲಾಕೆ ಹಾಕಿ ಸುತ್ತ ತೇವ ಹಿಡಿದಿಡುವ ಪುಡಿ ತುಂಬುವ ಪದ್ಧತಿ ಹೆಚ್ಚಾಗಿದೆ. ಯಾವುದನ್ನೇ ಹಾಕಿಸಿ, ಅರ್ಥ್ ಟೆಸ್ಟರ್‌ನಲ್ಲಿ ಎಷ್ಟು ಓಮ್ ಬಂತು ಎಂದು ಬರೆಸಿಕೊಳ್ಳಿ.

ಒಳ್ಳೆಯ ಗುಂಡಿ ಇದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಒಂದು ಸಣ್ಣ ಲೆಕ್ಕ ಅದನ್ನು ಸುಳ್ಳಾಗಿಸುತ್ತದೆ. ನಿಮ್ಮ ಗುಂಡಿಯ ತಡೆ 10 ಓಮ್ ಎಂದಿಟ್ಟುಕೊಳ್ಳಿ. ಮನೆಗೆ ಅದು ಕೆಟ್ಟ ಸಂಖ್ಯೆಯೇನಲ್ಲ. ಗೀಸರಿನ ಒಳಗೆ ಫೇಸ್ ಬಂದು ಅದರ ಮೈಗೆ ತಾಗಿತು. ನೆಲಕ್ಕೆ ಹರಿಯುವ ಕರೆಂಟು 230 ಭಾಗಿಸು 10, ಅಂದರೆ ಹೆಚ್ಚೆಂದರೆ 23 ಆಂಪಿಯರ್. ಗೀಸರಿಗೆ ಹಾಕಿರುವುದು 16 ಆಂಪಿಯರಿನ ಎಂಸಿಬಿ. 23 ಎಂಬುದು ಅದರ 1.44 ಪಟ್ಟು. ಅಂದರೆ ಒಂದು ಗಂಟೆ ಕಳೆದರೂ ಅದು ಬೀಳಬೇಕೆಂಬ ನಿಯಮವಿಲ್ಲ! ಅಷ್ಟೂ ಹೊತ್ತು ಗೀಸರಿನ ಮೈ ಮತ್ತು ಅದಕ್ಕೆ ತಗುಲಿದ ಲೋಹದ ನಲ್ಲಿ ಅಪಾಯದ ವೋಲ್ಟೇಜಿನಲ್ಲಿರುತ್ತವೆ.

ಮನುಷ್ಯನಿಗೆ ನೇರವಾಗಿ ಷಾಕ್ ಹೊಡೆದಾಗಲಂತೂ ಎಂಸಿಬಿಗೆ ಏನೂ ತಿಳಿಯುವುದಿಲ್ಲ. ಒದ್ದೆ ಕಾಲಿನಲ್ಲಿ ನಿಂತವರ ದೇಹದ ತಡೆ ಎರಡು ಸಾವಿರ ಓಮ್ ಎಂದುಕೊಂಡರೂ ಹರಿಯುವ ಕರೆಂಟು 115 ಮಿಲಿ ಆಂಪಿಯರ್. ಹೃದಯದ ಬಡಿತ ತಾಳ ತಪ್ಪಲು ಅಷ್ಟು ಸಾಕು. ಆದರೆ ಎಂಸಿಬಿಯ ಲೆಕ್ಕದಲ್ಲಿ ಆ ಮನುಷ್ಯ 25 ವಾಟಿನ ಒಂದು ಬಲ್ಬಿಗಿಂತ ಹೆಚ್ಚಲ್ಲ.

ಇಲ್ಲಿಗೆ ಬೇಕಾದದ್ದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು. ಅಂಗಡಿಯಲ್ಲೂ ಎಲೆಕ್ಟ್ರಿಷಿಯನ್ನರ ಬಾಯಲ್ಲೂ ಇಎಲ್‌ಸಿಬಿ ಎಂಬ ಹಳೆಯ ಹೆಸರೇ ಹೆಚ್ಚು. ಅದರೊಳಗೆ ಒಂದು ಕಾಂತೀಯ ಬಳೆ ಇದೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ನಡುವೆ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ಹಿಂದಿರುಗಿದರೆ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. 2 ಆಂಪಿಯರ್ ಹೋಗಿ 1.97 ಬಂತೆಂದರೆ ಆ 0.03 ಆಂಪಿಯರ್ ಬೇರೆ ಯಾವುದೋ ದಾರಿ ಹಿಡಿದಿದೆ, ಬಹುಶಃ ಯಾರದೋ ಮೈಯನ್ನು. ಆ ವ್ಯತ್ಯಾಸವೇ ಪಕ್ಕದ ಸುರುಳಿಯಲ್ಲಿ ಕರೆಂಟು ಹುಟ್ಟಿಸಿ ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗೆ 30 ಮಿಲಿ ಆಂಪಿಯರಿನದೇ ಬೇಕು. 30ರಲ್ಲಿ ಅದು 0.3 ಸೆಕೆಂಡಿನೊಳಗೆ, ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಬೀಳಬೇಕು ಎಂಬುದು ಮಾನದಂಡ. ಸೋರಿಕೆ ರಕ್ಷಕದ ಅಗತ್ಯವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಹೇಳುತ್ತವೆ.

ಇದರ ಜೊತೆ ಅರ್ಥ್ ಇದ್ದರೆ ಚಿತ್ರವೇ ಬದಲಾಗುತ್ತದೆ. ಗುಂಡಿಯ ತಡೆ 10ರ ಬದಲು 100 ಓಮ್ ಇದ್ದರೂ ಸೋರುವುದು 2 ಆಂಪಿಯರಿಗಿಂತ ಹೆಚ್ಚು, 30 ಮಿಲಿ ಆಂಪಿಯರಿನ ಎಪ್ಪತ್ತು ಪಟ್ಟು. ಗೀಸರಿನಲ್ಲಿ ದೋಷ ಹುಟ್ಟಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಲೈನು ಬೀಳುತ್ತದೆ. ಅರ್ಥ್ ಇಲ್ಲದೆ ಆರ್‌ಸಿಸಿಬಿ ಮಾತ್ರ ಇದ್ದರೆ ಅದು ಬೀಳುವುದು ಯಾರಾದರೂ ಮುಟ್ಟಿದ ಮೇಲೆ. ಎರಡೂ ಬೇಕು ಎನ್ನುವುದು ಇದಕ್ಕಾಗಿ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದೂ ಕಾಪಾಡಲಾರದು. ಅಲ್ಲಿ ಹೋದದ್ದು ಪೂರ್ತಿ ಹಿಂದಿರುಗುತ್ತಿರುತ್ತದೆ. ಓವರ್‌ಲೋಡೂ ಅದಕ್ಕೆ ಕಾಣುವುದಿಲ್ಲ, ಅದಕ್ಕೆ ಎಂಸಿಬಿ ಇರಲೇಬೇಕು.

ಪದೇ ಪದೇ ಬೀಳುವ ಆರ್‌ಸಿಸಿಬಿ

ಹಳೆಯ ಮನೆಗೆ ಆರ್‌ಸಿಸಿಬಿ ಹಾಕಿಸಿದ ವಾರದೊಳಗೆ ಕೇಳಿಬರುವ ದೂರು ಒಂದೇ: ಸುಮ್ಮಸುಮ್ಮನೆ ಬೀಳುತ್ತಿದೆ. ಬೇಸತ್ತು ಅದನ್ನು ಬೈಪಾಸ್ ಮಾಡಿಸುತ್ತಾರೆ. ಡಿಬಿಯಲ್ಲಿ ಆರ್‌ಸಿಸಿಬಿ ಕೂತಿರುತ್ತದೆ, ಅದರ ಮೂಲಕ ಏನೂ ಹರಿಯುತ್ತಿರುವುದಿಲ್ಲ. ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದು ಸುಮ್ಮನೆ ಬೀಳುವುದು ಬಹಳ ಅಪರೂಪ. ಮನೆಯ ಹಳೆಯ ರೋಗವನ್ನು ಅದು ಮೊದಲ ಸಲ ತೋರಿಸುತ್ತಿರುತ್ತದೆ.

ಹೆಚ್ಚಾಗಿ ಕಾರಣ ಸಾಲ ತಂದ ನ್ಯೂಟ್ರಲ್. ಮೆಟ್ಟಿಲ ದೀಪಕ್ಕೆ ಫೇಸ್ ಕೆಳಮನೆಯ ಲೈನಿನಿಂದ ಬಂದಿರುತ್ತದೆ, ನ್ಯೂಟ್ರಲ್ ಹತ್ತಿರವಿದೆ ಎಂದು ಮಹಡಿಯ ಲೈನಿನಿಂದ ಎಳೆದಿರುತ್ತಾರೆ. ಫ್ಯೂಸಿನ ಕಾಲದಲ್ಲಿ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಒಂದು ಆರ್‌ಸಿಸಿಬಿ ಮೂಲಕ ಹೋದ ಕರೆಂಟು ಇನ್ನೊಂದರ ಮೂಲಕ ಹಿಂದಿರುಗುತ್ತದೆ. ದೀಪ ಹಾಕಿದೊಡನೆ ಎರಡೂ ಬೀಳುತ್ತವೆ. ಯುಪಿಎಸ್ ಇರುವ ಮನೆಯಲ್ಲಿ ಇದು ಇನ್ನೂ ಹೆಚ್ಚು: ಯುಪಿಎಸ್ ಲೈನಿನ ನ್ಯೂಟ್ರಲ್ ಮತ್ತು ನೇರ ಲೈನಿನ ನ್ಯೂಟ್ರಲ್ ಒಂದೇ ಬೋರ್ಡಿನಲ್ಲಿ ಕಲೆತಿರುತ್ತವೆ. ಪರಿಹಾರ ಶ್ರಮದ್ದು, ಆದರೆ ಸರಳ. ಪ್ರತಿ ಫೇಸ್‌ಗೂ ಅದರದೇ ನ್ಯೂಟ್ರಲ್ ಡಿಬಿಯವರೆಗೆ ಬರಬೇಕು.

ಎರಡನೆಯ ಕಾರಣ ನಿಜವಾದ ಸೋರಿಕೆ. ಮಳೆಗಾಲದಲ್ಲಿ ತೇವ ಹೀರಿದ ಗೋಡೆ, ಹೊದಿಕೆ ಒಡೆದ ತಂತಿ, ಒಳಗೆ ಬಿರುಕು ಬಿಟ್ಟ ಗೀಸರ್ ಎಲಿಮೆಂಟು, ಸಂಪಿನ ಮೋಟಾರಿನ ಕೇಬಲ್. ಇದನ್ನು ಹಿಡಿಯಲು ತಂತಿಯ ಹೊದಿಕೆಯ ತಡೆ ಅಳೆಯುವ 500 ವೋಲ್ಟಿನ ಮೆಗ್ಗರ್ ಎಂಬ ಉಪಕರಣ ಬೇಕು. ಉಪಕರಣಗಳನ್ನೆಲ್ಲ ಕಳಚಿ, ಮೈನ್ ಆಫ್ ಮಾಡಿ, ಪ್ರತಿ ಲೈನಿನ ತಂತಿಗೂ ಅರ್ಥ್‌ಗೂ ನಡುವೆ ಅಳೆದರೆ ಕನಿಷ್ಠ 1 ಮೆಗಾ ಓಮ್ ಬರಬೇಕು. ಹಳೆಯ ಮನೆಯಲ್ಲಿ ಯಾವ ಲೈನ್ ಉಳಿಸಬಹುದು, ಯಾವುದನ್ನು ಕಿತ್ತುಹಾಕಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ಪ್ರಾಮಾಣಿಕ ಅಳತೆ ಇಲ್ಲ. ಮೆಗ್ಗರ್ ಇಲ್ಲದೆ ಕೊಟೇಷನ್ ಕೊಡುವವರಿಗೆ ಮನೆ ವಹಿಸಬೇಡಿ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕಿದರೆ ಊರಿಗೆ ಹೋದಾಗ ಅದು ಬಿದ್ದು ಫ್ರಿಜ್ಜೂ ಆರುತ್ತದೆ. ಎರಡು ಭಾಗ ಮಾಡಿ, ಅಥವಾ ಬಚ್ಚಲು, ಅಡುಗೆಮನೆ, ಹೊರಾಂಗಣದ ಲೈನುಗಳಿಗೆ ಎಂಸಿಬಿ ಮತ್ತು ಸೋರಿಕೆ ರಕ್ಷಣೆ ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ಹಾಕಿಸಿ.

ಗೋಡೆ ಕೊರೆಯುವ ಮುನ್ನ

ಹಳೆಯ ಮನೆಗಳಲ್ಲಿ ಚಾವಣಿಯ ಭಾರ ಹೊರುವುದು ಗೋಡೆಗಳೇ. ಪಿಲ್ಲರ್ ಮನೆಯ ಇಟ್ಟಿಗೆ ಗೋಡೆಯಂತೆ ಅವನ್ನು ಅಡ್ಡಡ್ಡ ಕೊರೆಯಬಾರದು. ಪೈಪು ಲಂಬವಾಗಿ ಇಳಿಯಲಿ, ಅಡ್ಡ ಓಟ ಚಾವಣಿಯ ಅಂಚಿನಲ್ಲಿ ಹೊರಮೈಯಲ್ಲಿ ಇರಲಿ. ಮಣ್ಣಿನ ಗೋಡೆ, ತೊಲೆಯ ಮದ್ರಾಸ್ ತಾರಸಿ, ಮಂಗಳೂರು ಹೆಂಚಿನ ಮನೆಗಳಲ್ಲಿ ಕೊರೆಯುವುದನ್ನೇ ಬಿಟ್ಟು ಪಿವಿಸಿ ಪೈಪನ್ನು ಗೋಡೆಯ ಮೇಲೆ ನೀಟಾಗಿ ಓಡಿಸುವುದು ಒಳ್ಳೆಯದು. ಕಾಣುತ್ತದೆ ಎಂಬ ಸಂಕೋಚ ಬೇಡ. ಕಾಣುವ ಪೈಪನ್ನು ನಾಳೆ ರಿಪೇರಿ ಮಾಡುವುದೂ ಸುಲಭ. ಅಟ್ಟದ ಮೇಲೆ ಮಾತ್ರ ಬಿಡಿ ತಂತಿ ಎಳೆಯಲು ಬಿಡಬೇಡಿ, ಇಲಿಗಳು ಪಿವಿಸಿ ಕಡಿಯುತ್ತವೆ. ಜಾಯಿಂಟುಗಳು ಪೈಪಿನೊಳಗೆ ಇರಬಾರದು, ತೆರೆದು ನೋಡಬಹುದಾದ ಡಬ್ಬಿಯಲ್ಲೇ ಇರಬೇಕು.

ಗೋಡೆಯ ಕೆಲಸ ಶುರುವಾಗುವ ಮೊದಲೇ ಬಿಲ್ಲಿನಲ್ಲಿ ನಮೂದಾದ ಮಂಜೂರಾತಿ ಲೋಡು ನೋಡಿಕೊಳ್ಳಿ. ಎಷ್ಟೋ ಹಳೆಯ ಸಂಪರ್ಕಗಳಲ್ಲಿ ಅದು ಇನ್ನೂ ಒಂದೆರಡು ಕಿಲೋವಾಟ್. ನಿಗದಿತ ಶುಲ್ಕ ಏರುತ್ತದೆಂದು ಹೆಚ್ಚಿಸದೆ ಬಿಟ್ಟರೆ ಮನೆಯೊಳಗೆ ದಪ್ಪ ತಂತಿ, ಕಂಬದಿಂದ ಮೀಟರಿಗೆ ಸಣ್ಣ ತಂತಿ ಎಂಬ ಸ್ಥಿತಿ ಉಳಿಯುತ್ತದೆ. ಹೆಚ್ಚುವರಿ ಲೋಡಿಗೆ ನಿಮ್ಮ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಹಾಕಿ. ಕೆಲಸವನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಮೀಟರಿನ ಸೀಲು ಮುಟ್ಟುವ ಅಧಿಕಾರ ಕಂಪನಿಯವರಿಗೆ ಮಾತ್ರ. ಮನೆಯ ಮೈನ್ ಆಫ್ ಮಾಡಿದರೂ ಮೀಟರಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ ಎಂಬುದು ನೆನಪಿರಲಿ. ತ್ರೀ ಫೇಸ್ ಬಂದರೆ ಒಂದೇ ಸ್ವಿಚ್ ಬೋರ್ಡಿಗೆ ಎರಡು ಫೇಸ್ ತರಬಾರದು, ಅವುಗಳ ನಡುವೆ 400 ವೋಲ್ಟ್ ಇರುತ್ತದೆ.

ಎಲ್ಲವನ್ನೂ ಒಮ್ಮೆಗೇ ಮಾಡಿಸಲು ಹಣ ಸಾಲದಿದ್ದರೆ ಕ್ರಮ ಮುಖ್ಯ. ಮೊದಲು ಅರ್ಥ್ ಗುಂಡಿ ಮತ್ತು ಆರ್‌ಸಿಸಿಬಿ. ಜೊತೆಗೆ ಕಿಟ್‌ಕ್ಯಾಟ್ ತೆಗೆದು ಎಂಸಿಬಿಗಳ ಡಿಬಿ. ಆಮೇಲೆ ಬಚ್ಚಲು ಮತ್ತು ಅಡುಗೆಮನೆಯ ಲೈನು. ನಂತರ ಎಸಿ. ಪಡಸಾಲೆಯ ದೀಪ, ಅಲಂಕಾರದ ಸ್ವಿಚ್ಚುಗಳು ಕಡೆಗೆ. ನಮ್ಮಲ್ಲಿ ನಡೆಯುವುದು ಬಹುತೇಕ ಇದರ ತಿರುವುಮುರುವು. ಸಿಮೆಂಟು ಮೆತ್ತುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಡಿಬಿಯ ಪ್ರತಿ ಎಂಸಿಬಿಯ ಕೆಳಗೆ ಅದು ಯಾವ ಕೋಣೆಯದು ಎಂದು ಕನ್ನಡದಲ್ಲಿ ಬರೆಸಿ.

ಕೊನೆಯ ಕಂತು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಆರ್‌ಸಿಸಿಬಿ ಮೇಲಿರುವ ಟಿ ಗುಂಡಿ ಒತ್ತಿದರೆ ಅದು ಬೀಳುತ್ತದೆ. ಆದರೆ ಅದು ಆ ಸಾಧನದ ಪರೀಕ್ಷೆ ಮಾತ್ರ, ನಿಮ್ಮ ಅರ್ಥ್‌ನದಲ್ಲ. ಎಲೆಕ್ಟ್ರಿಷಿಯನ್ 60 ವಾಟಿನ ಹಳೆಯ ತಂತು ಬಲ್ಬಿನ ಟೆಸ್ಟ್ ಲ್ಯಾಂಪ್ ತಂದು, ನಿಮ್ಮ ಎದುರಿಗೆ ಪ್ರತಿ ಮೂರು ಪಿನ್ನಿನ ಸಾಕೆಟ್‌ನಲ್ಲೂ ಫೇಸ್ ಮತ್ತು ಅರ್ಥ್ ಪಿನ್ನುಗಳ ನಡುವೆ ಹಿಡಿಯಲಿ. ಆರ್‌ಸಿಸಿಬಿ ತಕ್ಷಣ ಬಿದ್ದರೆ ಆ ಸಾಕೆಟ್ ಸರಿಯಿದೆ. ಬಲ್ಬು ಉರಿಯಲೂ ಇಲ್ಲ, ಏನೂ ಬೀಳಲೂ ಇಲ್ಲ ಎಂದರೆ ಅಲ್ಲಿಗೆ ಅರ್ಥ್ ತಂತಿ ಬಂದೇ ಇಲ್ಲ. ಬಲ್ಬು ಆರಾಮವಾಗಿ ಉರಿಯುತ್ತಲೇ ಇದ್ದರೆ ಆರ್‌ಸಿಸಿಬಿ ಬೈಪಾಸ್ ಆಗಿರಬೇಕು, ಇಲ್ಲವೇ ಆ ಪಿನ್ನಿನ ಹಿಂದೆ ನ್ಯೂಟ್ರಲ್‌ನಿಂದ ಎಳೆದ ಚಿಕ್ಕ ತುಂಡು ಇನ್ನೂ ಕೂತಿರಬೇಕು. ಬೋರ್ಡ್ ಬಿಚ್ಚಿಸಿ ನೋಡಿ, ತೆಗೆಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.